ದಣಿಯುವ ಮುನ್ನ ನಿಲ್ಲುವ ಪಾಠ

2021ರ ಸೆಪ್ಟೆಂಬರ್. ಬೆಳಗ್ಗೆ ಹತ್ತೂಕಾಲು. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದ ಹೊರಗಿನ ಬೆಂಚಿನ ಮೇಲೆ ನೀವು ಕೂತಿದ್ದೀರಿ. ಕೈಯಲ್ಲಿ ಓಪಿಡಿ ಚೀಟಿ, ತೊಡೆಯ ಮೇಲೆ ಫೈಲು. ಫೈಲಿನೊಳಗೆ ಎದೆಯ ಸಿ.ಟಿ. ಸ್ಕ್ಯಾನ್, ಇಸಿಜಿ, ರಕ್ತ ಪರೀಕ್ಷೆಯ ರಿಪೋರ್ಟುಗಳು. ಎಲ್ಲದರ ಕೊನೆಗೂ ಒಂದೇ ಮಾತು: ನಾರ್ಮಲ್. ಆದರೆ ಗೇಟಿನಿಂದ ಈ ಬೆಂಚಿನವರೆಗೆ ನಡೆದು ಬಂದದ್ದಕ್ಕೇ ಎದೆ ಡವಡವ ಅನ್ನುತ್ತಿದೆ, ಕಾಲಲ್ಲಿ ಶಕ್ತಿಯಿಲ್ಲ. ಪಕ್ಕದಲ್ಲಿ ಕೂತಿರುವ ಮನೆಯವರು ಏನೂ ಕೇಳುತ್ತಿಲ್ಲ. ನಾಲ್ಕು ತಿಂಗಳಿಂದ ಕೇಳಿ ಕೇಳಿ ಅವರಿಗೂ ಸಾಕಾಗಿದೆ.

ನಿಮಗೆ ನಲವತ್ನಾಲ್ಕು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೀರಿ. ಮೇ ತಿಂಗಳ ಮೊದಲ ವಾರ, ರಾಜ್ಯದಲ್ಲಿ ದಿನಕ್ಕೆ 50 ಸಾವಿರದ ಹತ್ತಿರ ಹೊಸ ಕೋವಿಡ್ ಸೋಂಕು ದಾಖಲಾಗುತ್ತಿದ್ದಾಗ, ನಿಮಗೂ ಜ್ವರ ಬಂತು. ಆಸ್ಪತ್ರೆ ಸೇರಲಿಲ್ಲ, ಸುಲಭವಾಗಿ ಬೆಡ್ ಸಿಗುವ ಕಾಲವೂ ಅದಾಗಿರಲಿಲ್ಲ. ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎರಡು ವಾರ ಕಳೆದಿರಿ. ನೆಗೆಟಿವ್ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದರು. ಆಗಸ್ಟ್ 23ಕ್ಕೆ ಒಂಬತ್ತನೇ ತರಗತಿಯಿಂದ ಮೇಲಿನವರಿಗೆ ಶಾಲೆ ಶುರುವಾಯಿತು. ಎರಡು ಪೀರಿಯಡ್ ನಿಂತು ಪಾಠ ಮಾಡಿದಿರಿ. ಮೂರನೆಯದರಲ್ಲಿ, ಬೋರ್ಡಿನ ಮೇಲೆ ಅರ್ಧ ಬಿಡಿಸಿದ ಸಮೀಕರಣದ ಮುಂದೆ, ಇಷ್ಟು ವರ್ಷ ಹೇಳಿಕೊಟ್ಟ ಲೆಕ್ಕದ ಮುಂದಿನ ಹಂತ ಹೊಳೆಯಲಿಲ್ಲ. ಮಕ್ಕಳು ಸುಮ್ಮನೆ ನೋಡುತ್ತಿದ್ದರು. ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಅದರ ಮರುದಿನವೂ.

ಎದುರಿಗೆ ಉದ್ದನೆಯ ಕಾರಿಡಾರು. ನೆಲಕ್ಕೆ ಹಳದಿ ಟೇಪು ಅಂಟಿಸಿ, ಆ ತುದಿಗೊಂದು ಈ ತುದಿಗೊಂದು ಪ್ಲಾಸ್ಟಿಕ್ ಕೋನು ಇಟ್ಟಿದ್ದಾರೆ. ನಡುವೆ 30 ಮೀಟರ್. ಐವತ್ತರ ಆಸುಪಾಸಿನ ಒಬ್ಬರು, ಬಸ್ ಡ್ರೈವರಂತೆ, ಈ ತುದಿಯಲ್ಲಿ ನಿಂತಿದ್ದಾರೆ. ಅಂಗಿ ಮೈಮೇಲೆ ಜೋಲುತ್ತಿದೆ. ಅದು ಹಳೆಯ ಮೈಗೆ ಹೊಲಿಸಿದ ಅಂಗಿ. ಬೆರಳಿಗೆ ಆಕ್ಸಿಮೀಟರ್ ಹಾಕಿದ ಫಿಸಿಯೋ ಮೇಡಂ ಅಂಕಿ ಬರೆದುಕೊಳ್ಳುತ್ತಾರೆ: ಆಮ್ಲಜನಕ 96, ನಾಡಿ 92. ಆಮೇಲೆ ಸೊನ್ನೆಯಿಂದ ಹತ್ತರವರೆಗೆ ಅಂಕಿಯಿರುವ ಒಂದು ರಟ್ಟನ್ನು ಮುಖದ ಮುಂದೆ ಹಿಡಿಯುತ್ತಾರೆ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆ ಅದು. ಸೊನ್ನೆಯೆಂದರೆ ಏದುಸಿರೇ ಇಲ್ಲ, ಹತ್ತೆಂದರೆ ತಡೆಯಲಾರದಷ್ಟು.

“ಈಗ ಎಷ್ಟಿದೆ ಅಣ್ಣ?”

“ಎರಡು ಅನ್ನಿ.”

“ಸರಿ. ಆರು ನಿಮಿಷ ನಿಮ್ಮ ಕೈಲಾದಷ್ಟು ನಡೀರಿ. ಓಡಬೇಡಿ, ಮಾತಾಡಬೇಡಿ. ಸುಸ್ತಾದ್ರೆ ಗೋಡೆ ಹಿಡ್ಕೊಂಡು ನಿಲ್ಲಿ. ನಾನು ಮಾತ್ರ ಟೈಮ್ ನಿಲ್ಸಲ್ಲ.”

ಅವರು ಹೊರಡುತ್ತಾರೆ. ಹವಾಯಿ ಚಪ್ಪಲಿ ಬಿಟ್ಟು ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಿದ್ದಾರೆ; ಹೋದ ವಾರವೇ ಹೇಳಿರಬೇಕು. ಮೇಡಂ ಜೊತೆಗೆ ನಡೆಯುವುದಿಲ್ಲ. ಜೊತೆಗೆ ನಡೆದರೆ ರೋಗಿಯ ನಡಿಗೆ ಅವರ ವೇಗಕ್ಕೆ ಹೊಂದಿಕೊಂಡುಬಿಡುತ್ತದೆ. ನಿಮಿಷಕ್ಕೊಮ್ಮೆ ಒಂದೇ ದನಿಯಲ್ಲಿ ಒಂದು ಮಾತು: “ಚೆನ್ನಾಗಿ ನಡೀತಿದ್ದೀರಿ, ಇನ್ನೈದು ನಿಮಿಷ.” “ಹೀಗೇ ನಡೀರಿ, ಇನ್ನು ನಾಲ್ಕು.” ಹೆಚ್ಚು ಹುರಿದುಂಬಿಸುವಂತಿಲ್ಲ, ಬೇಗ ಬೇಗ ಅನ್ನುವಂತಿಲ್ಲ. ಅಮೆರಿಕದ ಥೊರಾಸಿಕ್ ಸೊಸೈಟಿ 2002ರಲ್ಲಿ ಹಾಕಿಕೊಟ್ಟ ನಿಯಮ ಈ ಕಾರಿಡಾರಿನಲ್ಲೂ ನಡೆಯುತ್ತಿದೆ. ನಾಲ್ಕನೆಯ ನಿಮಿಷದಲ್ಲಿ ಡ್ರೈವರ್ ಕಿಟಕಿಯ ಸರಳು ಹಿಡಿದು ನಿಲ್ಲುತ್ತಾರೆ. ಭುಜ ಏರುತ್ತದೆ, ಇಳಿಯುತ್ತದೆ. ಯಾರೂ ಅವಸರ ಮಾಡುವುದಿಲ್ಲ. ಮತ್ತೆ ಹೊರಡುತ್ತಾರೆ.

ಆರು ನಿಮಿಷಕ್ಕೆ ತುದಿಯಿಂದ ತುದಿಗೆ ಒಂಬತ್ತು ಸಲ, 270 ಮೀಟರ್. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ 400ರಿಂದ 700 ಮೀಟರ್ ನಡೆಯುತ್ತಾರೆ. ಆಮ್ಲಜನಕ 91ಕ್ಕೆ ಇಳಿದಿದೆ. ರಟ್ಟಿನ ಮೇಲೆ ಅವರ ಬೆರಳು ಐದಕ್ಕೆ ಹೋಗುತ್ತದೆ. ಆದರೂ ಮುಖದಲ್ಲಿ ಗೆಲುವಿದೆ. ನಿಮ್ಮ ಪಕ್ಕ ಬಂದು ಕೂತು, ಉಸಿರು ಹತೋಟಿಗೆ ಬಂದ ಮೇಲೆ ತಾವಾಗಿಯೇ ಹೇಳುತ್ತಾರೆ: “ಐಸಿಯುನಲ್ಲಿ ಹದಿನೆಂಟು ದಿನ ಇದ್ದೆ ಟೀಚರ್. ಮನೆಗೆ ಬಂದಾಗ ಕಮೋಡಿನಿಂದ ಏಳಕ್ಕೂ ಇಬ್ಬರು ಹಿಡೀಬೇಕಿತ್ತು. ಈಗ ನೋಡಿ.”

ಅವರ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದೆ, ಸ್ನಾಯು ಕರಗಿದೆ. ಐಸಿಯುನಲ್ಲಿ ಮಲಗಿದ ಮನುಷ್ಯನ ತೊಡೆಯ ಸ್ನಾಯು ಹತ್ತೇ ದಿನದಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆಂದು ಲಂಡನ್ನಿನ ವೈದ್ಯರು 2013ರಲ್ಲೇ ಅಳೆದು ತೋರಿಸಿದ್ದರು. ಇಂಥವರಿಗೆ ವ್ಯಾಯಾಮವೇ ಮದ್ದು. ಕುರ್ಚಿಯಿಂದ ಎದ್ದು ಕೂರುವುದು, ಎಕ್ಸರ್‌ಸೈಜ್ ಸೈಕಲ್, ಮೂರು ಚೆಂಡಿನ ಸ್ಪೈರೋಮೀಟರು, ವಾರ ವಾರಕ್ಕೂ ಸ್ವಲ್ಪ ಸ್ವಲ್ಪ ಹೆಚ್ಚು.

ನಿಮ್ಮ ಸರದಿ ಬರುತ್ತದೆ. ಆರು ನಿಮಿಷವಷ್ಟೇ, ಹಲ್ಲು ಕಚ್ಚಿ ನಡೆದುಬಿಡೋಣ ಎಂದು ಸೆರಗು ಸಿಕ್ಕಿಸಿಕೊಂಡು ಏಳುತ್ತೀರಿ. ಮೇಡಂ ಕಾರಿಡಾರಿಗೆ ಕರೆಯುವುದಿಲ್ಲ. ಒಳಗೆ ಕರೆದು ಕೂರಿಸುತ್ತಾರೆ. ಗೋಡೆಯ ಮೇಲೆ ಸೆಪ್ಟೆಂಬರ್ 8ರ ವಿಶ್ವ ಫಿಸಿಯೋಥೆರಪಿ ದಿನದ ಪೋಸ್ಟರು. ಈ ವರ್ಷದ ವಿಷಯವೇ ಲಾಂಗ್ ಕೋವಿಡ್. ಮೇಜಿನ ಮೇಲೆ ಮೂಲೆ ಮಡಚಿದ ಕೆಲವು ಹಾಳೆಗಳು: ಲಾಂಗ್ ಕೋವಿಡ್ ಇರುವವರಿಗೆ ಸುರಕ್ಷಿತವಾಗಿ ವ್ಯಾಯಾಮ ಮಾಡಿಸುವುದು ಹೇಗೆಂದು ಜೂನ್ ತಿಂಗಳಲ್ಲಿ ವರ್ಲ್ಡ್ ಫಿಸಿಯೋಥೆರಪಿ ಸಂಸ್ಥೆ ಹೊರಡಿಸಿದ ಟಿಪ್ಪಣಿ. ರಿಪೋರ್ಟುಗಳ ಮೇಲೆ ಕಣ್ಣಾಡಿಸಿ ಫೈಲು ಮುಚ್ಚಿ ಅವರು ಕೇಳುವ ಮೊದಲ ಪ್ರಶ್ನೆಯನ್ನು ಈ ನಾಲ್ಕು ತಿಂಗಳಲ್ಲಿ ನಿಮಗೆ ಯಾರೂ ಕೇಳಿರಲಿಲ್ಲ.

“ಟೀಚರ್, ಕೆಲಸ ಮಾಡಿದ ದಿನ ಹೇಗಿರ್ತೀರಿ ಅಂತ ಬೇಡ. ಮರುದಿನ ಹೇಗಿರ್ತೀರಿ?”

ನೀವು ಬಾಯಿ ತೆರೆಯುವ ಮೊದಲೇ ಕಣ್ಣು ತುಂಬುತ್ತದೆ. ಶಾಲೆಯ ಮರುದಿನದ ಕಥೆ ಹೇಳುತ್ತೀರಿ. ತಲೆಸ್ನಾನ ಮಾಡಿದ ಮರುದಿನದ್ದು, ನೆಂಟರು ಬಂದು ಹೋದ ಮರುದಿನದ್ದು. ಆ ದಿನ ಎಲ್ಲ ಸರಿಯಿರುತ್ತದೆ. ಒಂದು ರಾತ್ರಿ ಕಳೆದ ಮೇಲೆ ಮೈಯೆಲ್ಲ ಕುಟ್ಟಿದ ಹಾಗೆ ನೋವು, ಗಂಟಲು ಕೆರೆತ, ತಲೆಯೊಳಗೆ ಮಬ್ಬು. ಮೇಡಂ ನಡುವೆ ಬಾಯಿ ಹಾಕುವುದಿಲ್ಲ. ಎಲ್ಲ ಬರೆದುಕೊಂಡು ಓಪಿಡಿ ಚೀಟಿಯಲ್ಲಿದ್ದ “ಆರು ನಿಮಿಷದ ನಡಿಗೆ ಪರೀಕ್ಷೆ” ಎಂಬ ಸಾಲಿನ ಪಕ್ಕ “ಈಗ ಬೇಡ” ಎಂದು ಗುರುತು ಹಾಕುತ್ತಾರೆ.

“ಇವತ್ತು ನಡೆಸಲ್ಲ. ಆ ಮಂಚದ ಮೇಲೆ ಮಲಗಿ.”

ಐದು ನಿಮಿಷ ಮಲಗಿರುತ್ತೀರಿ. ನಾಡಿ 76. ಆಮೇಲೆ ಎದ್ದು ಗೋಡೆಗೆ ಬೆನ್ನು ಒರಗಿಸಿ ನಿಲ್ಲಬೇಕು, ಹತ್ತು ನಿಮಿಷ, ಅಲುಗಾಡದೆ. ಎರಡನೆಯ ನಿಮಿಷಕ್ಕೆ 98. ಐದನೆಯ ನಿಮಿಷಕ್ಕೆ 114. ಪಾದಗಳು ನಸುನೇರಳೆಗೆ ತಿರುಗಿವೆ, ಕಿವಿಯಲ್ಲಿ ಗುಂಯ್ ಎನ್ನುತ್ತಿದೆ. ಬಿಪಿ ಮಾತ್ರ ಇಳಿದಿಲ್ಲ. ಮೇಡಂ ನಿಮ್ಮನ್ನು ಕೂರಿಸಿ, ಮನೆಯವರನ್ನು ಒಳಗೆ ಕರೆದು ಆಕ್ಸಿಮೀಟರಿನ ಅಂಕಿಯನ್ನು ಅವರಿಗೆ ತೋರಿಸುತ್ತಾರೆ.

“ನೋಡಿ ಸರ್, ಬರೀ ನಿಂತಿದ್ದಕ್ಕೆ 38 ಜಾಸ್ತಿ ಆಗಿದೆ. ನಿಂತ ಹತ್ತು ನಿಮಿಷದೊಳಗೆ 30ಕ್ಕಿಂತ ಹೆಚ್ಚು ಏರಿದ್ರೆ ನಾವು ಪಾಟ್ಸ್ ಅಂತ ಅನುಮಾನಿಸ್ತೀವಿ. ಫಿಸಿಷಿಯನ್ ಹತ್ರ ಇನ್ನೊಂದ್ಸಲ ಕಳಿಸ್ತೀನಿ, ಅವರೇ ಖಚಿತ ಮಾಡ್ಬೇಕು. ರಕ್ತ ಕಾಲಲ್ಲೇ ನಿಂತುಬಿಡ್ತದೆ, ಮೇಲಕ್ಕೆ ಕಳಿಸೋಕೆ ಹೃದಯ ಒದ್ದಾಡ್ತದೆ. ಇವರು ಸೋಮಾರಿ ಅಲ್ಲ. ಮನಸ್ಸಿನ ಕಾಯಿಲೆಯೂ ಅಲ್ಲ.”

ಮನೆಯವರು ಆ ಸಣ್ಣ ಪರದೆಯನ್ನು ನೋಡುತ್ತಲೇ ಇದ್ದಾರೆ. ಎಲ್ಲ ರಿಪೋರ್ಟೂ ನಾರ್ಮಲ್ ಎಂದ ಫೈಲಿಗಿಂತ ಆ ಒಂದು ಅಂಕಿ ಅವರ ಮೇಲೆ ಹೆಚ್ಚು ಕೆಲಸ ಮಾಡಿದೆ.

ನೀವು ಆ ಕುರ್ಚಿಯಲ್ಲಿ ಕೂತಿರುವ ಹೊತ್ತಿಗೆ ನಿಮ್ಮ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಕೂಡ ಬಂದಿಲ್ಲ. ಅದು ಬರುವುದು ಅಕ್ಟೋಬರ್ 6ಕ್ಕೆ: ಸೋಂಕು ತಗುಲಿದ ಸುಮಾರು ಮೂರು ತಿಂಗಳ ನಂತರವೂ ಕಾಡುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾರಣ ಕೊಡಲಾಗದ ತೊಂದರೆಗಳು. ಅದಕ್ಕೂ ಮೊದಲು ಲೆಕ್ಕವಿಟ್ಟವರು ರೋಗಿಗಳೇ. 56 ದೇಶಗಳ 3,762 ಮಂದಿಯನ್ನು ಕೇಳಿ, 203 ಬಗೆಯ ಲಕ್ಷಣಗಳನ್ನು ಪಟ್ಟಿ ಮಾಡಿ, 2021ರ ಜುಲೈನಲ್ಲಿ ಪ್ರಕಟಿಸಿದ ಸಂಶೋಧಕರು ಸ್ವತಃ ಈ ಕಾಯಿಲೆ ಅನುಭವಿಸಿದವರು. ದುಡಿದ ಮೇಲೆ ಕಾಯಿಲೆ ಉಲ್ಬಣಿಸುತ್ತದೆ ಎಂದು ಹತ್ತರಲ್ಲಿ ಒಂಬತ್ತು ಮಂದಿಯಷ್ಟು ಹೇಳಿದ್ದರು. ಆ ಉಲ್ಬಣ ಸಾಮಾನ್ಯವಾಗಿ 12ರಿಂದ 48 ಗಂಟೆ ತಡವಾಗಿ ಬರುತ್ತದೆ. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ.

ಇದು ಬರೀ ಅನಿಸಿಕೆಯಲ್ಲ ಎಂಬುದಕ್ಕೆ ಮಾಂಸಖಂಡದಿಂದಲೇ ಸಾಕ್ಷಿ ಸಿಕ್ಕಿದ್ದು 2024ರ ಜನವರಿಯಲ್ಲಿ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 25 ಲಾಂಗ್ ಕೋವಿಡ್ ರೋಗಿಗಳಿಂದಲೂ 21 ಆರೋಗ್ಯವಂತರಿಂದಲೂ ಹದಿನೈದು ನಿಮಿಷದಷ್ಟು ಸೈಕಲ್ ತುಳಿಸಿದರು. ತುಳಿಯುವ ಮುಂಚೆ ಒಮ್ಮೆ, ತುಳಿದ ಮರುದಿನ ಒಮ್ಮೆ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ರೋಗಿಗಳ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಕೆಲಸ ಇನ್ನಷ್ಟು ಕುಗ್ಗಿತ್ತು, ಸ್ನಾಯುವಿಗೆ ಪೆಟ್ಟಾದ ಗುರುತುಗಳಿದ್ದವು. ಡ್ರೈವರ್ ಅಣ್ಣನಿಗೆ ಬಲ ಕೊಡುವ ಸೈಕಲ್ಲೇ ನಿಮ್ಮನ್ನು ಹಾಸಿಗೆಗೆ ಕೆಡವಬಲ್ಲದು. ಒಂದೇ ಕೋಣೆ, ಒಂದೇ ವೈರಸ್, ಎರಡು ಚಿಕಿತ್ಸೆ. ಯಾರಿಗೆ ಯಾವುದೆಂದು ಬೇರ್ಪಡಿಸುವುದು “ಮರುದಿನ ಹೇಗಿರ್ತೀರಿ?” ಎಂಬ ಪ್ರಶ್ನೆ.

“ಹಾಗಾದ್ರೆ ನಾನು ಏನೂ ಮಾಡಬಾರದಾ?” ಎನ್ನುತ್ತೀರಿ.

“ನಿಮ್ಮ ಕಡೆ ಬೋರ್‌ವೆಲ್ ಇದೆಯಾ? ನೀರು ಕಮ್ಮಿಯಾದಾಗ ಏನ್ ಮಾಡ್ತೀರಿ? ಅರ್ಧ ಗಂಟೆ ಮೋಟರ್ ಓಡಿಸಿ ಆಫ್ ಮಾಡ್ತೀರಿ. ಒಳಗೆ ನೀರು ಊರೋಕೆ ಬಿಡ್ತೀರಿ. ಬರ್ತಿದೆಯಲ್ಲ ಅಂತ ಎಳೀತಾನೇ ಇದ್ರೆ ಮೋಟರ್ ಸುಟ್ಟುಹೋಗತ್ತೆ. ನೀರು ನಿಲ್ಲೋ ಮೊದಲೇ ಸ್ವಿಚ್ ಆಫ್ ಮಾಡ್ಬೇಕು, ಅಷ್ಟೇ.”

ನಕ್ಕವರು ಮನೆಯವರು. ಇಂಥ ಬೋರ್‌ವೆಲ್ಲಿನ ಕಾಟ ಅವರಿಗೇ ಚೆನ್ನಾಗಿ ಗೊತ್ತು.

ನೂರು ಪುಟದ ಒಂದು ನೋಟ್‌ಬುಕ್ ತರಲು ಹೇಳುತ್ತಾರೆ. ಗಂಟೆ ಗಂಟೆಗೆ ಏನು ಮಾಡಿದಿರಿ, ನಾಡಿ ಎಷ್ಟಿತ್ತು, ಮರುದಿನ ಹೇಗಿದ್ದಿರಿ ಎಂದು ಬರೆಯಬೇಕು. ಮೈಗೆ ಹೆಚ್ಚಾದ ಕೆಲಸಕ್ಕೆ ಕೆಂಪು, ಪರವಾಗಿಲ್ಲ ಎನ್ನುವುದಕ್ಕೆ ಹಳದಿ, ವಿಶ್ರಾಂತಿಗೆ ಹಸಿರು. ಸದ್ಯಕ್ಕೆ ನಿಮ್ಮ ಮಟ್ಟಿಗೆ ನಾಡಿ 105 ದಾಟಬಾರದು. ದಾಟಿದರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಕೂರಬೇಕು. ವಿಶ್ರಾಂತಿಯೆಂದರೆ ಮೊಬೈಲು ನೋಡುತ್ತಾ ಮಲಗುವುದಲ್ಲ. ಕಣ್ಣು ಮುಚ್ಚಿ, ಕಾಲನ್ನು ದಿಂಬಿನ ಮೇಲಿಟ್ಟು, ಮಾತಿಲ್ಲದೆ ಹದಿನೈದು ನಿಮಿಷ. ಗಣಿತ ಬಿಡಿಸುವುದೂ ದುಡಿಮೆಯೇ, ಫೋನಿನಲ್ಲಿ ಅತ್ತಿಗೆಯ ಕಷ್ಟ ಕೇಳುವುದೂ ದುಡಿಮೆಯೇ. ಅವೂ ನೋಟ್‌ಬುಕ್ಕಿಗೆ ಬರಬೇಕು.

ಉಸಿರಾಟದ ಪಾಠ ಅಂದೇ ಶುರು. ಒಂದು ಕೈ ಎದೆಯ ಮೇಲೆ, ಒಂದು ಹೊಟ್ಟೆಯ ಮೇಲೆ. ನಿಮ್ಮದು ಎದೆಯ ಕೈ ಮಾತ್ರ ಅಲುಗುತ್ತಿದೆ, ಬಾಯಲ್ಲಿ ಉಸಿರಾಡುತ್ತಿದ್ದೀರಿ. ಮೇ ತಿಂಗಳ ಭಯ ಇನ್ನೂ ಎದೆಯಲ್ಲೇ ಉಳಿದಿದೆ. “ಮೂಗಿನಲ್ಲಿ ತಗೊಳ್ಳಿ. ಹೊಟ್ಟೆ ಮೇಲಿನ ಕೈ ಮೇಲೆದ್ದರೆ ಸಾಕು, ಎದೆ ಸುಮ್ಮನಿರಲಿ. ಬಿಡೋವಾಗ ನಿಧಾನವಾಗಿ ಮ್‌ ಅಂತ ಗುನುಗಿ.” ಮೊದಲ ಸಲ ಗುನುಗು ಎರಡು ಸೆಕೆಂಡಿಗೆ ತುಂಡಾಗುತ್ತದೆ, ಐದಾರು ಸಲ ಮಾಡುವಷ್ಟರಲ್ಲಿ ಭುಜ ತಾನಾಗಿ ಕೆಳಗಿಳಿಯುತ್ತದೆ. ಇದೇ ದಾರಿಯಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾದ ಗಾಯಕರು 2020ರಿಂದಲೇ ರೋಗಿಗಳಿಗೆ ಆನ್‌ಲೈನಿನಲ್ಲಿ ಲಾಲಿ ಹಾಡು ಹೇಳಿಕೊಟ್ಟು ಉಸಿರು ಪಳಗಿಸುತ್ತಿದ್ದಾರೆ. 150 ಮಂದಿಯ ಮೇಲೆ ನಡೆದ ಅದರ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು: ಆರು ವಾರದಲ್ಲಿ ಮನಸ್ಸಿನ ನೆಮ್ಮದಿ ಹೆಚ್ಚಿತು, ಉಸಿರಾಟದ ಕೆಲವು ತೊಂದರೆಗಳೂ ತಗ್ಗಿದವು.

ಮನೆಯಲ್ಲಿ ಬದಲಾವಣೆ ಸಣ್ಣ ಸಣ್ಣದರಲ್ಲಿ ಬರುತ್ತದೆ. ಬಚ್ಚಲಿಗೆ ಪ್ಲಾಸ್ಟಿಕ್ ಸ್ಟೂಲು ಬಂತು. ಕೂತು ಸ್ನಾನ, ನೀರು ಬೆಚ್ಚಗಷ್ಟೇ. ತಲೆಸ್ನಾನದ ದಿನ ಬೇರೆ ಕೆಲಸವಿಲ್ಲ. ತರಕಾರಿ ಕೂತು ಹೆಚ್ಚುತ್ತೀರಿ. ಬೆಳಗ್ಗೆ ಏಳುವ ಮೊದಲೇ ಹಾಸಿಗೆಯಲ್ಲಿ ಎರಡು ಲೋಟ ನೀರು. ಬಿಪಿ ಇಲ್ಲದ್ದರಿಂದ ಉಪ್ಪು ಸ್ವಲ್ಪ ಹೆಚ್ಚಿಸಲು ಡಾಕ್ಟರು ಒಪ್ಪಿದ್ದಾರೆ. ಕಾಲಿಗೆ ಬಿಗಿಯಾದ ಸ್ಟಾಕಿಂಗ್ಸ್.

ಮೂಗಿಗೂ ಒಂದು ಪಾಠವಿದೆ. ಮೇ ತಿಂಗಳಿಂದ ನಿಮಗೆ ಕಾಫಿ ಸುಟ್ಟ ರಬ್ಬರಿನ ವಾಸನೆ, ಒಗ್ಗರಣೆಗೆ ವಾಸನೆಯೇ ಇಲ್ಲ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ: ಈ ನಾಲ್ಕನ್ನು ದಿನಕ್ಕೆರಡು ಸಲ, ಒಂದೊಂದನ್ನೂ ಹತ್ತು ಸೆಕೆಂಡಿನಷ್ಟು ಮೂಸುವ ಕ್ರಮವನ್ನು ಜರ್ಮನಿಯ ವೈದ್ಯ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿತ್ತು. ನಾಲ್ಕೂ ನಿಮ್ಮ ಮನೆಯಲ್ಲೇ ಇವೆ. ಹಾರ್ಲಿಕ್ಸಿನ ಹಳೇ ಬಾಟಲಿಗೆ ಲವಂಗ ಹಾಕಿ ಮೂಗಿಗೆ ಹಿಡಿದು, ಅದರ ನೆನಪನ್ನೂ ಜೊತೆಗೆ ತಂದುಕೊಳ್ಳಬೇಕು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ವಾರಗಟ್ಟಲೆ ಏನೂ ಇಲ್ಲ. ಒಂದು ಬೆಳಗ್ಗೆ ನಿಂಬೆ ಹುಳಿಯೆನಿಸುತ್ತದೆ.

ಅಕ್ಟೋಬರಿನಲ್ಲಿ, ದಸರಾ ಹೊತ್ತಿಗೆ, ಮೂರು ದಿನ ಸತತವಾಗಿ ಚೆನ್ನಾಗಿರುತ್ತೀರಿ. ಅಪಾಯ ಇರುವುದು ಇಲ್ಲೇ. ಮೈ ಹಗುರವಾಗಿದೆ, ಮನೆಯೆಲ್ಲ ಧೂಳು. ಆಯುಧಪೂಜೆಗೆ ಗುಡಿಸಿ ಒರೆಸಿ, ಸ್ಕೂಟರು ತೊಳೆದು, ಒಬ್ಬಟ್ಟಿಗೆ ಹೂರಣ ರುಬ್ಬುತ್ತೀರಿ. ನಾಡಿ ನೋಡಿಲ್ಲ, ನೋಟ್‌ಬುಕ್ ತೆರೆದಿಲ್ಲ. ಅಮ್ಮ ಸಂತೋಷಪಡುತ್ತಾರೆ: “ನೋಡು, ಎದ್ದು ಓಡಾಡಿದ್ರೆ ಎಲ್ಲ ಸರಿಹೋಗತ್ತೆ ಅಂತ ಹೇಳಿರ್ಲಿಲ್ವಾ?” ವಿಜಯದಶಮಿಯ ಬೆಳಗ್ಗೆ ಬೆಳಕೇ ಕಣ್ಣಿಗೆ ಚುಚ್ಚುತ್ತದೆ. ಒಂಬತ್ತು ದಿನ ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಮಲಗುತ್ತೀರಿ. ಆ ಒಂಬತ್ತು ದಿನದಲ್ಲಿ ಅಮ್ಮ ಬಾಗಿಲ ಬಳಿ ಬಂದು ನಿಂತು ಹೋಗುತ್ತಾರೆ. ಹತ್ತನೆಯ ದಿನ ಗಂಜಿ ತಂದಿಟ್ಟು ಹಾಸಿಗೆಯ ಪಕ್ಕ ಕೂತು ಕೇಳುತ್ತಾರೆ: “ಆ ಪುಸ್ತಕದಲ್ಲಿ ಏನೇನು ಬರೀಬೇಕು ಹೇಳು, ನಾನೇ ಬರೀತೀನಿ.” ಅಂದಿನಿಂದ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚುವ ಕೆಲಸ ಅವರದು. ನೀವು ಹಳದಿ ಎಂದರೂ ಮುಖ ನೋಡಿ ಕೆಂಪು ಹಚ್ಚುತ್ತಾರೆ.

ನವೆಂಬರಿನಲ್ಲಿ ಮೇಡಂ ಕೊಟ್ಟ ಪತ್ರ ಹಿಡಿದು ಹೆಡ್‌ಮಾಸ್ತರ ಕೋಣೆಗೆ ಹೋಗುತ್ತೀರಿ. ಪತ್ರದಲ್ಲಿ ಕೇಳಿರುವುದು ನಾಲ್ಕೇ: ಕೂತು ಪಾಠ ಮಾಡಲು ಕುರ್ಚಿ, ದಿನಕ್ಕೆ ಎರಡೇ ಪೀರಿಯಡ್, ಎರಡರ ನಡುವೆ ಬಿಡುವು, ಮಹಡಿ ಹತ್ತದ ಹಾಗೆ ಕೆಳಗಿನ ಕೋಣೆ. ಅವರು ಓದಿ, ಕನ್ನಡಕ ತೆಗೆದು, “ಇಷ್ಟೇನಾ ಮೇಡಂ? ಮೊದಲೇ ಹೇಳಬಾರದಿತ್ತಾ?” ಎನ್ನುತ್ತಾರೆ. ಹತ್ತನೇ ತರಗತಿಯ ಒಬ್ಬ ಹುಡುಗಿ ನಿಮ್ಮ ಪರವಾಗಿ ಬೋರ್ಡಿನ ಮೇಲೆ ಬರೆಯುತ್ತಾಳೆ. ನೀವು ಕೂತು ಹೇಳುತ್ತೀರಿ. ಹಂತ ಮರೆತಾಗ ಮೇಜಿನ ಮೇಲಿನ ಚೀಟಿ ನೋಡುತ್ತೀರಿ. ಮಕ್ಕಳಿಗೆ ಅದರಲ್ಲಿ ವಿಶೇಷವೇನೂ ಕಾಣಿಸುವುದಿಲ್ಲ.

ಡಿಸೆಂಬರಿನ ಕೊನೆಗೆ ಮತ್ತೆ ಅದೇ ಆಸ್ಪತ್ರೆ. ಗೋಡೆಗೆ ಒರಗಿ ನಿಂತಾಗ ನಾಡಿ 22 ಮಾತ್ರ ಏರುತ್ತದೆ. ವಾರಕ್ಕೆ ಮೂರು ಬಾರಿ ಮಲಗಿಕೊಂಡೇ ಮಾಡುವ ಕಾಲಿನ ವ್ಯಾಯಾಮ ಈಗ ನಿಮ್ಮ ಪಟ್ಟಿಗೆ ಸೇರುತ್ತದೆ, ಒಂದೊಂದಕ್ಕೆ ಐದೇ ಎಣಿಕೆ. ನೀವು ಪೂರ್ತಿ ಗುಣವಾಗಿಲ್ಲ. ಯಾವಾಗ ಆಗುತ್ತೀರೆಂದು ಮೇಡಂ ಮಾತು ಕೊಡುವುದಿಲ್ಲ. ಆದರೆ ಕಳೆದ ಎರಡು ತಿಂಗಳಲ್ಲಿ ಹಾಸಿಗೆ ಹಿಡಿದದ್ದು ಒಮ್ಮೆ ಮಾತ್ರ ಎಂದು ಅಮ್ಮನ ಕೈಬರಹ ಹೇಳುತ್ತದೆ. ಡ್ರೈವರ್ ಅಣ್ಣ 420 ಮೀಟರ್ ನಡೆದು ಡ್ಯೂಟಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಬರೆಸಿಕೊಳ್ಳುತ್ತಿದ್ದಾರೆ.

ಲಾಂಗ್ ಕೋವಿಡ್ಡನ್ನು ಬೇರು ಸಮೇತ ಕೀಳುವ ಔಷಧಿ ಇನ್ನೂ ಇಲ್ಲ. ಪುನಶ್ಚೇತನ ಕಾಯಿಲೆಯನ್ನು ಅಳಿಸುವುದಿಲ್ಲ, ಅದರೊಡನೆ ಬದುಕುವುದನ್ನು ಹಗುರ ಮಾಡುತ್ತದೆ. ಕೋವಿಡ್‌ನಿಂದ ಆಸ್ಪತ್ರೆ ಸೇರಿ ಬಂದಿದ್ದ 585 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ ರೀಗೇನ್ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಎಂಟು ವಾರ ಆನ್‌ಲೈನಿನಲ್ಲಿ, ತಜ್ಞರ ಕಣ್ಣೆದುರು, ಗುಂಪಿನಲ್ಲಿ ವ್ಯಾಯಾಮವನ್ನೂ ಮನೋಬಲವನ್ನೂ ಕಲಿತವರ ಬದುಕು ಒಂದು ವರ್ಷದ ನಂತರವೂ ಉಳಿದವರಿಗಿಂತ ಉತ್ತಮವಾಗಿತ್ತು. ದುಬಾರಿ ಯಂತ್ರ ಬೇಕಿರಲಿಲ್ಲ. ರೋಗಿಯನ್ನು ನಂಬಿ, ವಾರವಾರವೂ ವಿಚಾರಿಸುವ ಜನ ಬೇಕಿತ್ತು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದಿತು. ಈ ರೋಗಿಗಳಿಗೆ ಅದು ಮುಗಿದಿಲ್ಲ. ಜಿಲ್ಲೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟರ ಹುದ್ದೆ ಖಾಲಿ ಬಿಡಬಾರದು; ದಣಿವೆಂದು ಬಂದವರನ್ನು “ಎಲ್ಲ ನಾರ್ಮಲ್” ಎಂದು ವಾಪಸ್ ಕಳಿಸಬಾರದು. ನಿಮ್ಮ ಮನೆಯಲ್ಲಿ, ಆಫೀಸಿನಲ್ಲಿ, ಪಕ್ಕದ ಬೀದಿಯಲ್ಲಿ ಕೋವಿಡ್ ಬಂದು ಹೋದ ಮೇಲೆ ಮೊದಲಿನಂತಾಗದವರು ಇದ್ದರೆ ಮೊದಲು ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋಗಿ. ಹೃದಯ, ಶ್ವಾಸಕೋಶ, ಥೈರಾಯ್ಡ್, ಸಕ್ಕರೆ, ರಕ್ತಹೀನತೆ ನೋಡಿಸಿ. ಎಲ್ಲ ಸರಿಯಿದ್ದೂ ಅವರು ಏಳಲಾಗದಿದ್ದರೆ ಗದರಬೇಡಿ, ವಾಕಿಂಗಿಗೆ ಎಳೆಯಬೇಡಿ. ಅವರು ಹೇಳುವುದನ್ನು ನಂಬಿ, ಕೂರಲು ಕುರ್ಚಿ ಕೊಡಿ, ದಣಿಯುವ ಮುನ್ನ ನಿಲ್ಲಲು ಬಿಡಿ.